ಸೊಸೆ ಮಾಡಿದ ಸಾಣೆ ಗಾಡಿ

ಅಮಾವಾಸ್ಯೆಯ ದಿನ ಬೂಕನಕೆರೆಯ ಚೌಡಯ್ಯನ ಮನೆಯಲ್ಲಿ ಮರಕ್ಕೆ ಏಟು ಬೀಳುವುದಿಲ್ಲ. ಅವತ್ತು ಸಾಮಾನಿಗೆ ಸಾಣೆ. ಉಳಿ, ಬಾಚಿ, ಮರ ಕೆರೆದು ನುಣುಪು ಮಾಡುವ ತೋಪಡದ ಅಲಗು, ಎಲ್ಲವೂ ಜಗಲಿಯಲ್ಲಿ ಗೋಣಿತಾಟಿನ ಮೇಲೆ ಸಾಲಾಗಿ ಮಲಗುತ್ತವೆ. ಮನೆಯ ಯಜಮಾನ ಕಲ್ಲಿನ ಮುಂದೆ ಕೂರುತ್ತಾನೆ. ಅವನು ಇರುವ ತನಕ ಮಗ ಆ ಕಲ್ಲಿಗೆ ಕೂರುವಂತಿಲ್ಲ. ಕೂತರೆ ಅಪ್ಪನ ಆಯಸ್ಸಿಗೆ ಕೈ ಹಾಕಿದ ಹಾಗೆ ಅಂತ ಅವರ ತಾತನ ಕಾಲದಿಂದ ಬಂದ ಮಾತು. ಹೆಂಗಸರು ಕಲ್ಲಿಗೆ ನೀರು ತಂದುಕೊಡಬಹುದು, ಕೊನೆಯಲ್ಲಿ ಅರಿಸಿನ ಕುಂಕುಮ ಇಡಬಹುದು, ಅಲಗು ಮುಟ್ಟಬಾರದು. ಚೌಡಯ್ಯನ ಹೆಂಡತಿ ಪಾರ್ವತಮ್ಮ ಈ ಮನೆಗೆ ಕಾಲಿಟ್ಟ ದಿನದಿಂದ ಆ ನೀರು ಹೊರುತ್ತಲೇ ಬಂದಿದ್ದಾಳೆ. ನೀನೂ ಒಂದು ಉಳಿ ಉಜ್ಜು ಅಂದವರಿಲ್ಲ. ಅವಳಿಗೂ ಅದು ಬೇಕಿರಲಿಲ್ಲ ಬಿಡಿ, ಮನೆಯಲ್ಲಿ ಉಜ್ಜುವುದಕ್ಕೆ ಪಾತ್ರೆಗಳೇ ಬೇಕಾದಷ್ಟು ಬಿದ್ದಿರುತ್ತಿದ್ದವು.

ಈ ಸಲದ ಭೀಮನ ಅಮಾವಾಸ್ಯೆಯಲ್ಲಿ ಅವಳು ಗಂಡನ ಪಾದಪೂಜೆ ಮುಗಿಸಿ, ಚೊಂಬಿನಲ್ಲಿ ನೀರು ತಂದಿಟ್ಟು, ಕಂಬಕ್ಕೆ ಒರಗಿ ಕೂತಳು. ಚೌಡಯ್ಯ ಅಲಗನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಮೇಲೆ ಎಳೆಯುತ್ತಿದ್ದ. ಕೈ ನಡುಗುತ್ತಿತ್ತು. ಯುಗಾದಿಯಿಂದ ಹಿಡಿದ ನಡುಕ, ಕೆ.ಆರ್. ಪೇಟೆಯ ಡಾಕ್ಟರು ನರದ ದೌರ್ಬಲ್ಯ ಅಂದು ಮಾತ್ರೆ ಬರೆದಿದ್ದರು. ಮಾತ್ರೆ ಹೊಟ್ಟೆಗೆ ಹೋಯಿತು, ನಡುಕ ಕೈಯಲ್ಲೇ ಉಳಿಯಿತು. ಸಾಣೆ ಹಿಡಿಯುವಾಗ ಅಲಗಿನ ಇಳಿಜಾರು ಕಲ್ಲಿಗೆ ಒಂದೇ ಸಮ ಕೂತಿರಬೇಕು. ಕೈ ಏರಿಳಿದರೆ ಬಾಯಿ ಚೂಪಾಗುವ ಬದಲು ಹೊಟ್ಟೆ ಬಂದು ದುಂಡಗಾಗುತ್ತದೆ. ಚೌಡಯ್ಯನ ಅಲಗುಗಳಿಗೆ ನಾಲ್ಕು ತಿಂಗಳಿಂದ ಹೊಟ್ಟೆ ಬರುತ್ತಿತ್ತು.

ಮಗ ನಿಂಗರಾಜು ಕೊನೆಗೆ ಬಾಯಿಬಿಟ್ಟ. "ಅಪ್ಪ, ಈ ಸಲ ಅಲಗ ಪಾಂಡವಪುರದಲ್ಲಿ ಮಿಷಿನ್‌ಗೆ ಕೊಡನಾ?"

"ಮಿಷಿನ್ನಾ? ಕೆಂಪಗೆ ಸುಟ್ಟು ಹದ ತೆಗ್ದು ಕೊಡ್ತಾರೆ. ಆಮೇಕೆ ಅದ್ರಲ್ಲಿ ಬದನೆಕಾಯೂ ಕುಯ್ಯಕಾಗಾಕಿಲ್ಲ."

"ನೀನು ಉಜ್ಜಿದ್ದು ಎರಡು ದಿನ ಬರಾಕಿಲ್ವಲ್ಲಪ್ಪ. ಹೊನ್ನಪ್ಪಾರ ಬಾಗ್ಲು ಕೂತದೆ. ಶ್ರಾವಣದಲ್ಲಿ ಅವರ ಗೃಹಪ್ರವೇಶ."

"ಕುಣಿಲಾರ್ದೋಳು ನೆಲ ಡೊಂಕು ಅಂದ್ಲಂತೆ. ಅಲಗ ಯಾಕ್ಲಾ ಬೈತೀಯೆ, ನಿನ್ ಕೈಯ ಬೈಕೊ."

ನಿಂಗರಾಜು ಎದ್ದು ಹೋದ. ಪಾರ್ವತಮ್ಮನಿಗೆ ಇಬ್ಬರ ಮೇಲೂ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯ ಬಂತು. ಚೌಡಯ್ಯನ ಅಣ್ಣ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಮಕ್ಕಳು ಟ್ರಾಕ್ಟರು ತಂದು ಎತ್ತು ಮಾರಿದರು. ಅಪ್ಪನಿಗೆ ಸುಖವಾಗಲಿ ಅಂತಲೇ ಮಾಡಿದ್ದು, ಅವರದೇನು ಕೆಟ್ಟ ಮನಸ್ಸಲ್ಲ. ಆ ಮನುಷ್ಯ ಮಂಚ ಹಿಡಿದ. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಸುಮ್ಮನೆ ಗೋಡೆಯ ಕಡೆ ತಿರುಗಿ ಮಲಗಿದವನು ಸಂಕ್ರಾಂತಿ ಕಾಣಲಿಲ್ಲ. ಗಂಡನ ಮುಂದಿನಿಂದ ಕಲ್ಲು ಎತ್ತಿದರೆ ಇವನೂ ಅದೇ ದಾರಿ ಹಿಡಿಯುತ್ತಾನೆ ಅಂತ ಅವಳಿಗೆ ಗಟ್ಟಿಯಾಗಿ ಅನ್ನಿಸಿಬಿಟ್ಟಿತ್ತು.

ಸೊಸೆ ಶ್ವೇತ ನಾಗಮಂಗಲದವಳು. ಅವಳಪ್ಪನದು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಅಂಗಡಿ. ಹುಡುಗಿ ತಾಮ್ರದ ತಂತಿ, ನಟ್ಟು ಬೋಲ್ಟುಗಳ ಮಧ್ಯೆ ಬೆಳೆದವಳು. ಮಾತು ಕಮ್ಮಿ, ಕೈ ಜಾಸ್ತಿ. ಡೇರಿಗೆ ಹಾಲು ಹಾಕಿ ಬಂದವಳು ಒಂದು ಮಧ್ಯಾಹ್ನ ಕೊಟ್ಟಿಗೆಯ ಪಕ್ಕ ಕೂತು ಏನೋ ಕೊರೆಯುತ್ತಿದ್ದಳು. ಪಾರ್ವತಮ್ಮ ಹುರುಳಿಕಾಳು ಆರಿಸುತ್ತಾ ನೋಡಿದಳು. ಅಂಗೈಯಗಲದ ಹೊನ್ನೆಮರದ ತುಂಡು, ಅದರ ಮೇಲೊಂದು ಪಟ್ಟಿ, ಎರಡನ್ನೂ ಬಿಗಿಯಲು ಎರಡು ಬೋಲ್ಟು, ಕೆಳಗೆ ಕೆಟ್ಟ ಮೋಟಾರಿನಿಂದ ಬಿಚ್ಚಿದ ಎರಡು ಬೇರಿಂಗು.

"ಏನವ್ವ ಅದು, ಆಟದ ಗಾಡಿಯಾ?"

"ಗಾಡಿನೇ ಅತ್ತೆ. ಫೋನಲ್ಲಿ ಒಬ್ರು ಮಾಡಿದ್ದ ನೋಡ್ದೆ. ನಡುವೆ ಅಲಗ ಸಿಗ್ಸಿ ಬಿಗ್ದುಬುಟ್ಟು ಕಲ್ಲಿನ ಮೇಲೆ ತಳ್ಳೋದು. ಕೈ ನಡುಗುದ್ರೂ ಅಲಗು ನಡುಗಾಕಿಲ್ಲ."

ಪಾರ್ವತಮ್ಮನ ಕೈ ಕಾಳಿನ ಮೊರದಲ್ಲೇ ನಿಂತಿತು. "ನಿಮ್ಮಾವನ ಮುಂದೆ ಇದ ತರಬ್ಯಾಡ."

"ಮಾವನಿಗೇ ಅಂತ ಮಾಡಿದ್ದು ಅತ್ತೆ."

"ಅದಕ್ಕೇ ಕಣವ್ವ ತರಬ್ಯಾಡ ಅಂದದ್ದು."

ತಂದೇ ತಂದಳು. ಮರುದಿನ ಬೆಳಿಗ್ಗೆ ಮಾವನ ಮುಂದೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟು, ಪಕ್ಕದಲ್ಲಿ ಗಾಡಿಯನ್ನೂ ಇಟ್ಟಳು. ಚೌಡಯ್ಯ ಅದನ್ನು ಎತ್ತಿ, ಬೇರಿಂಗನ್ನು ಬೆರಳಿನಲ್ಲಿ ತಿರುಗಿಸಿ, ಕೆಳಗಿಟ್ಟ.

"ಮಗಾ, ನಡಿಯಾಕೆ ಬರದ ಕೂಸ್ಗೆ ಮೂರು ಗಾಲಿ ಗಾಡಿ ಕೊಡ್ತಾರೆ. ನಾನು ಕೂಸಾ?"

"ಅಂಗಲ್ಲ ಮಾವ."

"ಇನ್ನೆಂಗೆ? ಇವತ್ತಿನಗಂಟ ಬರಿಗೈಲಿ ಉಜ್ಜಿವ್ನಿ. ಇಳಿಜಾರು ಕಲ್ಲಿಗೆ ಕೂತದಾ ಇಲ್ವಾ ಅನ್ನೋದ ಬೆರಳು ಹೇಳ್ಬೇಕು. ಮೋಟಾರಿನ ಬೇರಿಂಗು ಹೇಳ್ತದಾ?" ಅಂದವನು ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದ.

ಆದರೆ ಹೊನ್ನಪ್ಪನ ಬಾಗಿಲು ಕಾಯುವ ಬಾಗಿಲಲ್ಲ. ಹೊನ್ನಪ್ಪ ಕ್ಯಾತನಹಳ್ಳಿಯ ಕಬ್ಬಿನ ಗೌಡ. ಹೊಸ ಮನೆಗೆ ತೇಗದ ಜೋಡಿ ಬಾಗಿಲೇ ಆಗಬೇಕು, ಚೌಡಯ್ಯನ ಮನೆಯವರೇ ಮಾಡಬೇಕು ಅಂತ ಹಟ ಹಿಡಿದು ಮರ ಇಳಿಸಿ ಹೋಗಿದ್ದ. ಮೊಂಡು ಅಲಗಿನಲ್ಲಿ ತೇಗ ಕೆರೆದರೆ ನಾರು ಕಿತ್ತು ಬರುತ್ತಿತ್ತು. ನಿಂಗರಾಜು ಹೆಂಡತಿಗೆ ಏನು ಹೇಳಿದನೋ, ಅವಳೇನು ಅಂದಳೋ, ಒಂದು ದಿನ ಚೌಡಯ್ಯ ಬಿ.ಪಿ. ತೋರಿಸಲು ಪೇಟೆಗೆ ಹೋದಾಗ ಗಂಡನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಶ್ವೇತ ಕಲ್ಲಿನ ಮುಂದೆ ಕೂತೇಬಿಟ್ಟಳು.

ಪಾರ್ವತಮ್ಮ ಒಳಗಿನಿಂದ ಓಡಿಬಂದಳು. "ಅಯ್ಯೋ, ಹೆಂಗಸ್ರು ಅಲಗ ಮುಟ್ಟಬಾರದು ಕಣವ್ವ."

"ನಾನೆಲ್ಲಿ ಮುಟ್ಟಿವ್ನಿ ಅತ್ತೆ? ಸಿಗ್ಸಿ ಕೊಟ್ಟೋರು ಇವ್ರು. ನಾನು ಗಾಡಿ ಮುಟ್ಟಿವ್ನಿ ಅಷ್ಟೆ."

"ಮಗ ಕೂರಬಾರದು ಅಂತಾನೂ ಅದೆ."

"ನಾನೇನು ಮಗನಾ?"

ಶಾಸ್ತ್ರ ಮಾಡಿದವರು ಇಂಥ ಸೊಸೆಯನ್ನು ಎಣಿಸಿರಲಿಲ್ಲ. ಗಾಡಿ ಸರಸರ ಹೋಗಿ ಬಂತು, ಕಲ್ಲಿನ ನೀರು ಬೂದುಬಣ್ಣಕ್ಕೆ ತಿರುಗಿತು. ನಿಂಗರಾಜು ಅಲಗು ಬಿಚ್ಚಿ ಮುಂಗೈಯ ಮೇಲೆ ಆಡಿಸಿದ. ಕೂದಲು ನುಣ್ಣಗೆ ಹೋಯಿತು. ತಿಂಗಳುಗಟ್ಟಲೆ ಗಂಟಿಕ್ಕಿದ್ದ ಅವನ ಮುಖ ಬಿಚ್ಚಿಕೊಂಡಿದ್ದು ನೋಡಿ ಪಾರ್ವತಮ್ಮ, ಹಾವೂ ಸಾಯಲಿಲ್ಲ ಕೋಲೂ ಮುರಿಯಲಿಲ್ಲ ಅಂದುಕೊಂಡು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಸಂಜೆ ಬಂದ ಚೌಡಯ್ಯನಿಗೆ ಕಲ್ಲು ಒದ್ದೆಯಾಗಿದ್ದುದನ್ನು ನೋಡಿದ ಕೂಡಲೇ ಗೊತ್ತಾಯಿತು. ರೇಗಲಿಲ್ಲ. "ನಂಗೆ ತಿಥಿ ಮಾಡಿ ಮುಗುಸ್ಬುಟ್ರಾ?" ಅಂತ ಕೇಳಿ ಊಟಕ್ಕೆ ಕೂತ. ಅವತ್ತಿನಿಂದ ಕೊಟ್ಟಿಗೆಯ ಕಡೆ, ಮರಗೆಲಸದ ಚಪ್ಪರದ ಕಡೆ ತಲೆ ಹಾಕಲಿಲ್ಲ. ಅರಳಿಕಟ್ಟೆಗೆ ಹೋಗುವುದು, ಬರುವುದು, ಕಂಬಕ್ಕೆ ಒರಗುವುದು. ಮುದ್ದೆ ಎರಡಿದ್ದದ್ದು ಒಂದಾಯಿತು, ಒಂದಿದ್ದದ್ದು ಅರ್ಧವಾಯಿತು.

"ಉಪ್ಸಾರು ಖಾರ ಮಾಡಿವ್ನಿ, ಇನ್ನೊಂಚೂರು ಇಕ್ಕಲಾ?" ಅಂತ ಪಾರ್ವತಮ್ಮ ಕೇಳಿದರೆ, "ಕೂತ್ಕೊಂಡು ತಿನ್ನೋನಿಗೆ ಯಾಕಮ್ಮಿ ಎರಡು ಮುದ್ದೆ" ಅನ್ನುವನು. ಅವಳ ಎದೆಯಲ್ಲಿ ಗಂಡನ ಅಣ್ಣನ ಮಂಚ ಕಿರ್ರೆನ್ನುತ್ತಿತ್ತು.

ಶ್ರಾವಣ ಹುಟ್ಟಿ ಹದಿನೈದು ದಿನಕ್ಕೆ ಹೊನ್ನಪ್ಪ ಬಾಗಿಲು ನೋಡಲು ಬಂದ. ಪಾರ್ವತಮ್ಮ ಕಾಫಿ ಲೋಟ ಹಿಡಿದು ಚಪ್ಪರಕ್ಕೆ ಹೋದಾಗ ನಿಂಗರಾಜು ಬಾಗಿಲಿನ ಎರಡು ರೆಕ್ಕೆಗಳನ್ನೂ ಗೋಡೆಗೆ ನಿಲ್ಲಿಸಿ ಒಂದಕ್ಕೊಂದು ಕೂಡಿಸುತ್ತಿದ್ದ. ಮರ ಗಾಜಿನ ಹಾಗೆ ನುಣುಪಾಗಿತ್ತು. ಹೊನ್ನಪ್ಪ ಸವರಿ ನೋಡಿ ತಲೆದೂಗಿದ. ಆಮೇಲೆ ಎರಡು ರೆಕ್ಕೆ ಸೇರುವ ಕಡೆ ಬಗ್ಗಿದ.

"ನಿಂಗರಾಜ, ಇದ್ಯಾಕ್ಲಾ ಇಂಗೆ?"

ಹಿಂದುಗಡೆ ಎರಡೂ ಅಂಚು ಕೂಡಿದ್ದವು. ಮುಂದುಗಡೆ ಭತ್ತದ ಕಾಳು ತೂರುವಷ್ಟು ಸಂದು, ಮೇಲಿನಿಂದ ಕೆಳತನಕ ಒಂದೇ ಸಮ. ನಿಂಗರಾಜು ಬಿಚ್ಚಿ ಮತ್ತೆ ಕೂಡಿಸಿದ. ಸಂದು ಅಲ್ಲೇ ಇತ್ತು.

"ಮಹಾಲಕ್ಷ್ಮಿ ಬರೋ ಬಾಗ್ಲು ಕಣ್ಲಾ. ಹಲ್ಲು ಕಿರ್‌ಕೊಂಡು ನಿಂತದಲ್ಲ," ಅಂದ ಹೊನ್ನಪ್ಪ. "ಇನ್ನೊಂದು ಸಲ ಕೆರಿಯಾಕೆ ಮರ ಐತಾ?"

"ಒಂದ್ಸಲಕ್ಕೆ ಐತೆ ಗೌಡ್ರೆ. ಅದೂ ತಪ್ಪುದ್ರೆ ರೆಕ್ಕೆ ಅಗಲ ಸಾಲಾಕಿಲ್ಲ, ಬೇರೆ ಮರನೇ ತರ್ಬೇಕು."

ಗದ್ದಲ ಕೇಳಿ ಚೌಡಯ್ಯ ಅಷ್ಟು ದಿನದ ಮೇಲೆ ಚಪ್ಪರಕ್ಕೆ ಬಂದ. ಸಂದಿನಲ್ಲಿ ಉಗುರು ಆಡಿಸಿ ನೋಡಿದ. ಅವನ ಮುಖದಲ್ಲಿ ದುಃಖದ ಜೊತೆ ಒಂದು ಚೂರು ಗೆಲುವೂ ಇತ್ತು, ಪಾರ್ವತಮ್ಮನಿಗೆ ಅದು ಕಾಣದೆ ಇರಲಿಲ್ಲ.

"ಗಾಡಿ ಮೇಲೆ ಸವಾರಿ ಮಾಡಿದ ಅಲಗು ಇನ್ನೆಂಗೆ ಕೆರೀತದೆ. ಬಾಯಿ ಸೊಟ್ಟ ಐತೆ ಕಣ್ಲಾ ಅದರದು. ತಾ ಮೂಲೆಮಟ್ಟ, ಎಲ್ರಿಗೂ ತೋರುಸ್ತೀನಿ."

ಶ್ವೇತ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದವಳು ಮುಂದೆ ಬರಲಿಲ್ಲ. ನಿಂಗರಾಜು ತೋಪಡದಿಂದ ಅಲಗು ಬಿಚ್ಚಿಕೊಟ್ಟ. ಚೌಡಯ್ಯ ಅದರ ಬಾಯಿಗೆ ಮೂಲೆಯ ನೇರ ನೋಡುವ ಮೂಲೆಮಟ್ಟ ಇಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿದ. ಕೂದಲೆಳೆಯಷ್ಟೂ ಬೆಳಕು ತೂರಲಿಲ್ಲ. ಕಣ್ಣೊರೆಸಿಕೊಂಡು, ತಿರುಗಿಸಿ, ಮತ್ತೆ ಇಟ್ಟ. ಅಲಗು ನೇರವಾಗಿತ್ತು.

"ಮಟ್ಟವೇ ಸರಿ ಇಲ್ವೇನೋ," ಅಂದವನು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಅಲಗು ತಂದ. ಕೈ ನಡುಗುವುದಕ್ಕೆ ಮುಂಚೆ ತಾನೇ ಸಾಣೆ ಹಿಡಿದು ಎಣ್ಣೆ ಸವರಿ ಇಟ್ಟಿದ್ದ ಅಲಗು. ಅದರ ಬಾಯಿಗೆ ಮಟ್ಟ ಇಟ್ಟ. ಎಡಗಡೆ ಬೆಳಕು ತೂರಿತು. ಬಲಮೂಲೆ ಒಂದು ಎಳೆ ಮುಂದಿತ್ತು.

ಪಾರ್ವತಮ್ಮನ ಕಣ್ಣು ಗಂಡನ ಬಲಗೈ ಹೆಬ್ಬೆಟ್ಟಿಗೆ ಹೋಯಿತು. ನಿಂಗರಾಜು ತೋಪಡ ಹಿಡಿಯಲು ಕಲಿಯುತ್ತಿದ್ದ ಕಾಲಕ್ಕೆ ದಿಮ್ಮಿ ಇಳಿಸುವಾಗ ಜಜ್ಜಿಹೋದ ಹೆಬ್ಬೆಟ್ಟು ಅದು. ಆಗ ತಿಂಗಳಾನುಗಟ್ಟಲೆ ಅವಳೇ ಮುದ್ದೆ ಮುರಿದು ಬಾಯಿಗಿಟ್ಟಿದ್ದಳು. ಗಾಯ ಮಾಯಿತು, ಬೆರಳು ಪೂರ್ತಿ ಮಡಿಸಲು ಬರಲಿಲ್ಲ. ಆ ಬೆರಳಿಗೆ ಒತ್ತಲು ಆಗದೆ ಅಂದಿನಿಂದ ಅಲಗಿನ ಬಲಭಾಗ ಕಮ್ಮಿ ಸವೆಯುತ್ತಾ ಬಂದಿತ್ತು. ಉಜ್ಜಿದವನಿಗೂ ಅದು ಗೊತ್ತಾಗಿರಲಿಲ್ಲ.

ನಿಂಗರಾಜು ಕೆಲಸಕ್ಕೆ ಬಾರದ ಒಂದು ಬೀಳು ಹಲಗೆ ಎತ್ತಿಕೊಂಡು, ಅಪ್ಪನ ಆ ಅಲಗನ್ನೇ ಸಿಗಿಸಿ, ನಾಲ್ಕು ಸಲ ತಳ್ಳಿದ. ಮಟ್ಟ ಇಟ್ಟರೆ ಅಂಚು ನೇರ. ಗಾಡಿಯ ಅಲಗು ಸಿಗಿಸಿ ತಳ್ಳಿದ. ಅಂಚು ವಾಲಿತು. ತನ್ನ ಎಡಗೈಯನ್ನೇ ಪಿಳಿಪಿಳಿ ನೋಡಿದ.

"ಎಡಗೈ ಒತ್ತತಾ ಅದೆ ಅಪ್ಪ. ನಾನು ಒತ್ತಬೇಕು ಅಂತ ಒತ್ತತಾ ಇಲ್ಲ, ಅದೇ ಒತ್ತತದೆ. ನಿನ್ ಅಲಗು ಬಲಕ್ಕೆ ಜಾಸ್ತಿ ಕಚ್ಚತಿತ್ತು, ಕೈ ಅದ ಸರಿ ಮಾಡ್ಕಂಡು ಮಾಡ್ಕಂಡು ಅಂಗೇ ಕಲ್ತ್‌ಬುಟ್ಟದೆ."

ಅಪ್ಪನ ಸೊಟ್ಟಕ್ಕೆ ಮಗನ ಸೊಟ್ಟ ಸೇರಿ ಇಷ್ಟು ವರ್ಷ ಊರಿನ ಬಾಗಿಲುಗಳೆಲ್ಲ ನೆಟ್ಟಗೆ ನಿಂತಿದ್ದವು. ಹೊನ್ನಪ್ಪ ನಗಬೇಕೋ ಬೇಡವೋ ತಿಳಿಯದೆ ಆರಿದ ಕಾಫಿ ಕುಡಿದ. ಚೌಡಯ್ಯ ಅವನಿಗೆ ಕೈ ಮುಗಿದು, "ತಪ್ಪು ನಂದು ಗೌಡ್ರೆ. ಬಾಗ್ಲು ಗೃಹಪ್ರವೇಶದೊಳಗೆ ಬತ್ತದೆ," ಅಂದವನೇ ಒಳಗೆ ಹೋಗಿ ಮಂಚದ ಮೇಲೆ ಮಲಗಿದ, ಗೋಡೆಯ ಕಡೆ ತಿರುಗಿ.

ಮಾರನೆಯ ದಿನವೂ ಅವನು ಏಳಲಿಲ್ಲ. ಹಾಲು ಕುಡಿದ, ಮಾತ್ರೆ ನುಂಗಿದ, ಮತ್ತೆ ಗೋಡೆ ನೋಡಿದ. ಪಾರ್ವತಮ್ಮನ ಸಿಟ್ಟೆಲ್ಲ ಹೋಗಿ ಕೂತದ್ದು ಸೊಸೆಯ ಮೇಲೆ.

"ಬ್ಯಾಡ ಅಂದೆ ಕಣವ್ವ. ಬಡ್ಕೊಂಡೆ. ಬೇಲೀಲಿ ಓಗೋ ಓತಿಕ್ಯಾತನ ಮಡ್ಲಿಗೆ ಬುಟ್ಕಂಡಂಗೆ ಮಾಡ್ದೆ. ಆ ಮನ್ಸ ಮ್ಯಾಲೇಳ್ನಿಲ್ಲ ಅಂದ್ರೆ ಏನ್ಮಾಡ್ಲಿ ನಾನು?"

ಶ್ವೇತಳ ಕಣ್ಣಲ್ಲಿ ನೀರು ತುಂಬಿತು. "ನಾನೇನು ಮಾವನ ಮಲಗ್ಸಬೇಕು ಅಂತ ಮಾಡಿದ್ನಾ ಅತ್ತೆ? ಮೊಂಡು ಅಲಗ ತಳ್ಳಿ ತಳ್ಳಿ ನಿಮ್ಮಗ ರಾತ್ರಿಯೆಲ್ಲ ಹೆಗಲು ನೋವು ಅನ್ನೋರು. ಅದ ನೋಡ್ಕಂಡು ಸುಮ್ನಿರಬೇಕಾಗಿತ್ತಾ?"

ಒಲೆಯ ಮುಂದೆ ಅತ್ತೆ ಸೊಸೆ ಇಬ್ಬರೂ ಕಣ್ಣೊರೆಸಿಕೊಂಡು ಬೆಳ್ಳುಳ್ಳಿ ಬಿಡಿಸಿದರು. ಬಿಡಿಸುತ್ತಾ ಬಿಡಿಸುತ್ತಾ ಶ್ವೇತ ತಟ್ಟನೆ ಎದ್ದು ಹೋದಳು. ದೇವರ ಮುಂದಿದ್ದ ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು, ಸೀಳಿ, ಗಾಡಿಯ ಒಂದು ಪಕ್ಕಕ್ಕೆ, ಅಲಗು ಆತುಕೊಳ್ಳುವ ಕಡೆ ಅಂಟಿಸಿದಳು. ನಿಂಗರಾಜು ಸಿಗಿಸಿದ ಅಲಗು ಒಂದು ಎಳೆ ವಾಲಿ ಕೂತಿತು. ಕಲ್ಲಿನ ಮೇಲೆ ತಳ್ಳಿ, ಮಾವನ ಹಳೆಯ ಅಲಗಿನ ಪಕ್ಕ ಇಡಿಸಿ ನೋಡಿ, ಕಡ್ಡಿಯನ್ನು ಉಜ್ಜಿ ಸಣ್ಣ ಮಾಡಿ, ಮತ್ತೆ ತಳ್ಳಿದಳು. ಎರಡರ ಬಾಯಿಯೂ ಒಂದೇ ತರ ಬರುವ ತನಕ ಬಿಡಲಿಲ್ಲ.

ಆ ಅಲಗಿನಲ್ಲಿ ನಿಂಗರಾಜು ಮೊದಲು ಬೀಳು ಹಲಗೆ ಕೆರೆದ. ನೇರ. ಪಾರ್ವತಮ್ಮ ಸೆರಗು ಸಿಕ್ಕಿಸಿಕೊಂಡು ಮಂಚದ ಹತ್ತಿರ ಓಡಿದಳು.

"ಏಳಿ, ನಿಮ್ ಸೊಸೆ ನಿಮ್ ಕೈಯನ್ನೇ ಗಾಡಿಗೆ ಇಳಿಸವ್ಳೆ. ನಿಮ್ ಅಲಗು ಎಂಗಿತ್ತೋ ಅಂಗೇ ಬಂದದೆ."

ಚೌಡಯ್ಯ ಬಹಳ ಹೊತ್ತಿನ ಮೇಲೆ ಎದ್ದು ಬಂದ. ಗಾಡಿ ತಿರುವಿ ಕಡ್ಡಿ ನೋಡಿದ. ಅಲಗು ನೋಡಿದ. ಅಲಗನ್ನು ಮಗನ ಕೈಗೆ ಕೊಟ್ಟ.

"ಬಾಗ್ಲು ಇದ್ರಲ್ಲೇ ಮುಗ್ಸು," ಅಂದ. "ಮರ ಒಂದ್ಸಲಕ್ಕೆ ಮಾತ್ರ ಐತೆ. ಆಟ ಆಡೋ ಜಾಗ ಅಲ್ಲ ಅದು."

ಬಾಗಿಲು ಮುಗಿಯಿತು. ಎರಡು ರೆಕ್ಕೆ ಕೂಡಿದರೆ ನಡುವೆ ಉಗುರು ಆಡುತ್ತಿರಲಿಲ್ಲ. ಟೆಂಪೋದಲ್ಲಿ ಕ್ಯಾತನಹಳ್ಳಿಗೆ ಹೋಯಿತು, ಮನೆಯವರೆಲ್ಲ ಗೃಹಪ್ರವೇಶದ ಊಟ ಮಾಡಿ ಬಂದರು. ಹೋಳಿಗೆಯೂ ಇತ್ತು. ಚೌಡಯ್ಯ ಎಲೆಯ ಮುಂದೆ ಕೂತಿದ್ದ ಅಷ್ಟೆ, ಸರಿಯಾಗಿ ತಿನ್ನಲಿಲ್ಲ. ಪಾರ್ವತಮ್ಮ ದಾರಿಯುದ್ದಕ್ಕೂ ಅವನನ್ನೇ ನೋಡುತ್ತಾ ಬಂದಳು. ಬಾಗಿಲು ನಿಂತಿತು, ಇನ್ನು ಈ ಮನುಷ್ಯನನ್ನು ನಿಲ್ಲಿಸುವುದು ಹೇಗೆ ಅಂತ ಅವಳಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕಿ ತಿರುಗಿದರೆ ಮಂಚ ಖಾಲಿ. ಚಪ್ಪರದಲ್ಲಿ ಮಾತು ಕೇಳಿ ಹೋಗಿ ನೋಡಿದಳು. ಚೌಡಯ್ಯ ಗಾಡಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಉಳಿಯ ತುದಿಯಿಂದ ಆ ಕಡ್ಡಿಯನ್ನು ಕೆದರಿ ತೆಗೆಯುತ್ತಿದ್ದ. ಕೈ ನಡುಗುತ್ತಿದ್ದುದರಿಂದ ಹೊತ್ತು ಹಿಡಿಯಿತು. ಮಗ ಸೊಸೆ ಎದುರಿಗೆ ನಿಂತಿದ್ದರು.

"ಚೆನ್ನಾಗೇ ನಡೀತಿತ್ತಲ್ಲಪ್ಪ, ಯಾಕೆ ಕೀಳ್ತೀಯೆ?" ಅಂದ ನಿಂಗರಾಜು.

"ನನ್ ಎಬ್ಬೆಟ್ಟು ಮುರ್ದದ್ದು ನಂಗೆ ಸಾಕು ಕಣ್ಲಾ. ನೀನೂ ಹೊತ್ಕಂಡೆ, ಈಗ ಈ ಗಾಡಿ ಮೇಲೂ ಹೊರ್ಸಿವ್ರಿ. ನಾಳೆ ನಿನ್ ಮಕ್ಳು ಇದ ಹಿಡೀತವೆ, ಇದ್ಯಾಕೆ ಇಂಗೆ ವಾಲ್ತದೆ ಅಂತ ಅವ್ಕೂ ಗೊತ್ತಾಗಾಕಿಲ್ಲ." ಕಡ್ಡಿ ಕಿತ್ತು ಬಂತು. ಅದನ್ನು ಸಿಬಿರಿನ ರಾಶಿಗೆ ಎಸೆದು ಗಾಡಿಯನ್ನು ಶ್ವೇತಳ ಕೈಗೆ ಕೊಟ್ಟ. "ತಕೊ ಮಗಾ. ನೇರಕ್ಕೆ ಉಜ್ಜು. ಅಲಗ ನೀನೇ ಸಿಗ್ಸು, ಅವ್ನು ಬ್ಯಾಡ."

ಆಮೇಲೆ ಮಗನ ಕಡೆ ತಿರುಗಿದ. "ನೀನು ಬಾ ಇಲ್ಲಿ. ಹಲಗೆ ತಕೊ."

ನೇರವಾದ ಅಲಗು ಸಿಗಿಸಿದ ತೋಪಡವನ್ನು ನಿಂಗರಾಜು ಹಲಗೆಯ ಮೇಲಿಟ್ಟ. ತಲೆಯಲ್ಲಿ ಅಲ್ಲಲ್ಲಿ ಬಿಳಿಕೂದಲು ಬಂದ ಮಗ. ಚೌಡಯ್ಯ ಅವನ ಹಿಂದೆ ನಿಂತು, ಕೈ ಚಾಚಿ, ಅವನ ಎಡಗೈಯ ಮೇಲೆ ತನ್ನ ಕೈ ಇಟ್ಟ. ಆ ಕೈ ಅಲ್ಲೂ ನಡುಗುತ್ತಲೇ ಇತ್ತು. ಆದರೆ ಮಗನ ಕೈ ಒತ್ತಿದ್ದು ಗೊತ್ತಾಗುವುದಕ್ಕೆ ನಡುಕ ಅಡ್ಡ ಬರಲಿಲ್ಲ.

"ಒತ್ತಿದೆ. ಬುಡು. ಇನ್ನೊಂದ್ಸಲ."

ಸಿಬಿರು ಸುರುಳಿ ಸುತ್ತಿ ಬಿತ್ತು.

"ಮತ್ತೆ ಒತ್ತಿದೆ ಕಣ್ಲಾ ಬಡ್ಡೈದ್ನೆ. ಎಮ್ಮೆ ಮೇಯ್ಸಾಕೆ ಕಳಿಸ್ಬೇಕಾಗಿತ್ತು ನಿನ್ನ. ಇನ್ನೊಂದ್ಸಲ."

ಹೊತ್ತು ನೆತ್ತಿಗೆ ಬಂತು. ಪಾರ್ವತಮ್ಮ ಮುದ್ದೆ ಕಟ್ಟಿ, ಬಸ್ಸಾರು ಕಾಯಿಸಿ, ಚಪ್ಪರದ ಬಾಗಿಲಿಗೆ ಬಂದು ಕರೆದಳು. "ಊಟಕ್ಕೆ ಬನ್ನಿ, ಆರೋಯ್ತದೆ."

ಚೌಡಯ್ಯ ತಿರುಗಿಯೂ ನೋಡಲಿಲ್ಲ. "ಇರಮ್ಮಿ, ಕೆಲ್ಸ ಐತೆ," ಅಂದ.

ಎಷ್ಟೋ ವಾರದಿಂದ ಆ ಮನೆಯಲ್ಲಿ ಯಾರೂ ಅವನ ಬಾಯಿಂದ ಆ ಮಾತು ಕೇಳಿರಲಿಲ್ಲ. ಪಾರ್ವತಮ್ಮ ಒಳಗೆ ಹೋಗಿ, ಅವನ ತಟ್ಟೆಗೆ ಎರಡು ಮುದ್ದೆ ಇಟ್ಟು, ತಟ್ಟೆ ಮುಚ್ಚಿ, ತಿರುಗಿ ಬಂದು ಹೊಸಿಲ ಮೇಲೆ ಕೂತು, ಅವನು ಮಗನನ್ನು ಬೈಯುವುದನ್ನು ಕೇಳತೊಡಗಿದಳು.